ಏರನ್ನೇರುವ ಬೈಸಿಕಲ್ಲಿಗೆ ಎಂತಹ ಮೋಟಾರು?

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಯೊಂದುಂಟು. ಅಲ್ಲಿಂದ ಹೊರಟ ನಾಲೆಯ ದಂಡೆಯ ಮೇಲೆ ಬೈಸಿಕಲ್ಲು ತುಳಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ: ದಾರಿ ಮಣ್ಣಿನದಾದರೂ ಅಲ್ಲಿ ಏರು ಎಂಬುದಿಲ್ಲ. ನೀರು ತಾನಾಗಿಯೇ ಹರಿದುಹೋಗಲು ಬೇಕಾದಷ್ಟು, ಕಣ್ಣಿಗೂ ಕಾಣದಂತಹ ಇಳಿಜಾರನ್ನು ಮಾತ್ರ ನಾಲೆ ತೋಡಿದವರು ಇಟ್ಟಿರುತ್ತಾರೆ. ಅದೇ ಬೈಸಿಕಲ್ಲನ್ನು ಪಿರಿಯಾಪಟ್ಟಣದ ಕಡೆಗೆ ತಿರುಗಿಸಿ, ಬೆಟ್ಟದಪುರದ ಬೆಟ್ಟದಂತಹ ಒಂದು ಬೆಟ್ಟದ ತಪ್ಪಲಿನ ಕಲ್ಲುಹಾದಿಯನ್ನು ಹತ್ತಿಸಿ ನೋಡಿ. ನಾಲೆಯ ದಂಡೆಯ ಮೇಲೆ ಹಾಡುತ್ತ ತುಳಿಯುತ್ತಿದ್ದವನು ಹತ್ತು ಮಾರು ಹೋಗುವುದರೊಳಗೆ ಇಳಿದು ತಳ್ಳತೊಡಗುತ್ತಾನೆ.

ಈ ತಳ್ಳಾಟವನ್ನು ತಪ್ಪಿಸಲೆಂದೇ ಮೋಟಾರು, ಬ್ಯಾಟರಿ, ಪ್ರವಾಹವನ್ನು ಹದದಲ್ಲಿಡುವ ಕಂಟ್ರೋಲರು, ತಂತಿಗಳು ಇವೆಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು 'ಕಿಟ್' ಎಂಬ ಹೆಸರಿನಿಂದ ಈಗ ಮಾರುತ್ತಾರೆ. ನಮ್ಮಲ್ಲಿರುವ ಸಾಧಾರಣ ಗೇರು ಸೈಕಲ್ಲಿಗೆ ಅದನ್ನು ಜೋಡಿಸಿದರೆ ಅದೇ ವಿದ್ಯುತ್ ಬೈಸಿಕಲ್ಲಾಗುತ್ತದೆ. ಕಾಲೇಜಿನ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಸಾರ್, 250 ವಾಟಿನದು ಸಾಕೇ, 500 ವಾಟಿನದು ಬೇಕೇ, ಇಲ್ಲ 1000 ವಾಟಿನದನ್ನೇ ತರಿಸಲೇ?" ಹೊಗೆಸೊಪ್ಪಿನ ಹಣ ಕೈಗೆ ಬಂದ ತಿಂಗಳಲ್ಲಿ ಮನೆಯವರನ್ನು ಒಪ್ಪಿಸಿ ಒಂದೇ ಒಂದು ಸಲ ಕೊಳ್ಳುವ ವಸ್ತು ಇದು. ಆದುದರಿಂದ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಆ ಪ್ರಶ್ನೆಯೇ ಸರಿಯಾದುದಲ್ಲ. ಬೆಟ್ಟ ಹತ್ತುವವನು ಮೊದಲು ಕೇಳಬೇಕಾದುದು ಮೋಟಾರಿನ ವಾಟು ಎಷ್ಟೆಂದಲ್ಲ. ಚಕ್ರ ನಿಧಾನವಾಗಿ ಉರುಳುತ್ತಿರುವಾಗ ಮೋಟಾರು ಎಷ್ಟು ವೇಗವಾಗಿ ತಿರುಗಬಲ್ಲದು ಎಂದು. ಹೀಗೇಕೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಸವಾರನ ತೂಕ 65 ಕಿಲೋಗ್ರಾಮ್, ಬೈಸಿಕಲ್ಲಿನದು 17, ಕಿಟ್ಟಿನದು 8; ಒಟ್ಟು 90 ಎಂದಿಟ್ಟುಕೊಳ್ಳಿ. ಐದು ಮೀಟರು ದಾರಿ ಸಾಗಿದರೆ ಒಂದು ಮೀಟರು ಮೇಲೇರುವ ಕಡಿದಾದ ಏರೊಂದಿದೆ. ಅಲ್ಲಿ ಭೂಮಿಯ ಗುರುತ್ವಾಕರ್ಷಣೆ ನಮ್ಮನ್ನು ಹಿಂದಕ್ಕೆಳೆಯುವ ಬಲ ಒಟ್ಟು ತೂಕದ ಐದನೆಯ ಒಂದು ಪಾಲು, ಅಂದರೆ ಸುಮಾರು 176 ನ್ಯೂಟನ್. ಹದವಾದ ಮಣ್ಣುದಾರಿಯಲ್ಲಿ ಟೈರು ಉರುಳಲು ತೋರುವ ತಡೆ ತೂಕದ ನಲವತ್ತರಲ್ಲೊಂದು ಪಾಲೆಂದರೆ ಇನ್ನೊಂದು 22 ನ್ಯೂಟನ್. ಒಟ್ಟು 198. ಗಂಟೆಗೆ 6 ಕಿಲೋಮೀಟರಿನಂತೆ, ಎಂದರೆ ಬಿರುಸಾಗಿ ನಡೆಯುವವನ ವೇಗದಲ್ಲಿ ಹತ್ತಿದರೆ, ಸೆಕೆಂಡಿಗೆ 1.67 ಮೀಟರಾಯಿತು. ಬಲವನ್ನು ವೇಗದಿಂದ ಗುಣಿಸಿದರೆ ಬರುವುದೇ ಸಾಮರ್ಥ್ಯ: 330 ವಾಟ್. ಆರೋಗ್ಯವಂತ ತರುಣನೊಬ್ಬ ಇದರಲ್ಲಿ 130 ವಾಟನ್ನು ಕೆಲವು ಕಾಲ ಕಾಲಿನಿಂದಲೇ ಕೊಡಬಲ್ಲ. ಮೋಟಾರಿನ ಪಾಲಿಗೆ ಉಳಿಯುವುದು 200 ವಾಟ್.

ಇದು ಸೋಜಿಗವಲ್ಲವೇ? ಐದಕ್ಕೆ ಒಂದರ ಏರು ಸಾಮಾನ್ಯವಾದುದಲ್ಲ. ಮೋಟಾರು ವಾಹನದ ರಸ್ತೆಗಳಲ್ಲಿ ಅಷ್ಟು ಕಡಿದಾದ ಏರು ಅಪರೂಪ. ಅದಕ್ಕೂ 250 ವಾಟಿನ ಮೋಟಾರೇ ಸಾಕೆಂದು ಲೆಕ್ಕ ಹೇಳುತ್ತದೆ. ಹಾಗಿದ್ದರೆ 250 ವಾಟಿನ ಕಿಟ್ಟುಗಳು ಏರಿನಲ್ಲಿ ಸೋಲುವುದೇಕೆ? ಸೋಲುವುದು ವಾಟಿನಿಂದಲ್ಲ, ತಿರುಗುಬಲದಿಂದ. ಚಕ್ರವನ್ನು ತಿರುವಲು ಅಚ್ಚಿನ ಬಳಿ ಬೇಕಾಗುವ ತಿರುಚಿಗೆ ತಿರುಗುಬಲವೆಂದು ಹೆಸರು. ಬಲವನ್ನು ಚಕ್ರದ ತ್ರಿಜ್ಯದಿಂದ ಗುಣಿಸಿದರೆ ಅದು ದೊರೆಯುತ್ತದೆ. ಬೆಟ್ಟದ ಬೈಸಿಕಲ್ಲಿನ ಚಕ್ರದ ತ್ರಿಜ್ಯ ಸುಮಾರು 0.35 ಮೀಟರು. ಮೇಲಿನ ಏರಿನಲ್ಲಿ ಬೇಕಾದ ಒಟ್ಟು ತಿರುಗುಬಲ 69 ನ್ಯೂಟನ್-ಮೀಟರು. ಸವಾರನ ಪಾಲನ್ನು ಕಳೆದರೆ ಮೋಟಾರಿನ ಪಾಲಿಗೆ 42.

ಈಗ ಮೋಟಾರಿನ ಒಳಗೆ ಇಣುಕಿ ನೋಡೋಣ. ಶಾಶ್ವತ ಕಾಂತಗಳುಳ್ಳ ಈ ಮೋಟಾರುಗಳಲ್ಲಿ ತಿರುಗುಬಲವು ಸುರುಳಿಯಲ್ಲಿ ಹರಿಯುವ ಪ್ರವಾಹಕ್ಕೆ ಅನುಪಾತದಲ್ಲಿರುತ್ತದೆ. ಇಮ್ಮಡಿ ತಿರುಗುಬಲ ಬೇಕಾದರೆ ಇಮ್ಮಡಿ ಪ್ರವಾಹ. ಆದರೆ ತಂತಿಯಲ್ಲಿ ಹುಟ್ಟುವ ಶಾಖವು, ಜೌಲ್ ಕಂಡುಹಿಡಿದ ನಿಯಮದ ಪ್ರಕಾರ, ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿದೆ. ಎರಡರಷ್ಟು ತಿರುಗುಬಲಕ್ಕೆ ನಾಲ್ಕರಷ್ಟು ಶಾಖ, ನಾಲ್ಕರಷ್ಟಕ್ಕೆ ಹದಿನಾರರಷ್ಟು. ಈ ಶಾಖಕ್ಕೂ ಮೋಟಾರು ತಿರುಗುವ ವೇಗಕ್ಕೂ ಸಂಬಂಧವಿಲ್ಲ; ಮೋಟಾರು ನಿಂತಲ್ಲೇ ನಿಂತು ಮುಲುಗುತ್ತಿದ್ದರೂ ಶಾಖ ಅಷ್ಟೇ. ಆದರೆ ಅದು ಮಾಡುವ ಉಪಯುಕ್ತ ಕೆಲಸ ವೇಗವನ್ನೇ ಅವಲಂಬಿಸಿದೆ. ನಿಧಾನವಾಗಿ ತಿರುಗುತ್ತ ಹೆಚ್ಚು ತಿರುಚುವ ಮೋಟಾರು ಕೆಲಸಗಾರನಲ್ಲ, ಒಲೆ!

ಪಂಪುಸೆಟ್ಟಿರುವ ರೈತರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪಿನ ಚಕ್ರಕ್ಕೆ ಕಲ್ಲೋ ಬೇರೋ ಸಿಕ್ಕಿ ಮೋಟಾರು ತಿರುಗದೆ ನಿಂತಾಗ ಏನಾಗುತ್ತದೆ? ಸ್ವಿಚ್ಚು ತೆಗೆಯುವುದು ತಡವಾದರೆ ಕಾಯಿಲು ಸುಟ್ಟುಹೋಗುತ್ತದೆ. ಅದನ್ನು ಬಿಚ್ಚಿ ಪೇಟೆಗೆ ಒಯ್ದು ಹೊಸದಾಗಿ ಕಟ್ಟಿಸುವವರೆಗೆ ಗದ್ದೆಗೆ ನೀರಿಲ್ಲ. ಕಿಟ್ಟಿನಲ್ಲಿ ಕಂಟ್ರೋಲರು ಪ್ರವಾಹಕ್ಕೆ ಒಂದು ಮಿತಿಯನ್ನು ಹಾಕಿರುವುದರಿಂದ ಅನಾಹುತ ಅಷ್ಟು ಬೇಗ ಆಗುವುದಿಲ್ಲ. ಆದರೆ ಆ ಮಿತಿಯೊಳಗೇ ಹತ್ತು ಹದಿನೈದು ನಿಮಿಷ ಒಂದೇ ಸಮನೆ ಬೆಟ್ಟ ಹತ್ತಿದರೆ ಶಾಖ ಒಳಗೇ ಕೂಡಿಕೊಳ್ಳುತ್ತದೆ. ಸುರುಳಿಯ ಅವಾಹಕ ಲೇಪ ಹದಗೆಡುತ್ತದೆ, ಒಳಗಿನ ನೈಲಾನ್ ಹಲ್ಲುಚಕ್ರಗಳು ಮೆತ್ತಗಾಗುತ್ತವೆ, ಕಾಂತಗಳು ತಮ್ಮ ಕಾಂತತ್ವವನ್ನು ಒಂದಿಷ್ಟು ಶಾಶ್ವತವಾಗಿಯೇ ಕಳೆದುಕೊಳ್ಳುವುದೂ ಉಂಟು.

ಅಂಗಡಿಯಲ್ಲಿ ನಿಮಗೆ ತೋರಿಸುವ ಕಿಟ್ಟುಗಳು ಎರಡು ಜಾತಿಯವು. ಮೊದಲನೆಯದರಲ್ಲಿ ಮೋಟಾರು ಚಕ್ರದ ಗುಂಭದಲ್ಲೇ ಕುಳಿತಿರುತ್ತದೆ; ಸೈಕಲ್ ಅಂಗಡಿಯವರ ಮಾತಿನಲ್ಲಿ 'ಹಬ್ ಮೋಟಾರು'. ಎರಡನೆಯದರಲ್ಲಿ ಅದು ಪೆಡಲಿನ ಅಚ್ಚಿನ ಬಳಿ ಕುಳಿತು, ನಮ್ಮ ಕಾಲಿನಂತೆಯೇ ಚೈನನ್ನು ಎಳೆಯುತ್ತದೆ. ಇದು 'ಮಿಡ್ ಡ್ರೈವ್'. ಈ ಜಗಳ ನಿನ್ನೆ ಮೊನ್ನೆಯದಲ್ಲ. 1895ರ ಡಿಸೆಂಬರ್ 31ರಂದು ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ ಹಿಂದಿನ ಚಕ್ರದ ಗುಂಭದಲ್ಲಿ ಮೋಟಾರಿರುವ ಬೈಸಿಕಲ್ಲಿಗೆ ಪೇಟೆಂಟು ಪಡೆದ. 10 ವೋಲ್ಟಿನ ಬ್ಯಾಟರಿಯಿಂದ 100 ಆಂಪೇರ್ ಎಳೆಯಬಲ್ಲ ಯಂತ್ರ ಅದು, ಗೇರು ಇರಲಿಲ್ಲ. ಎರಡೇ ವರ್ಷಗಳ ತರುವಾಯ, 1897ರಲ್ಲಿ, ಬಾಸ್ಟನ್ ನಗರದ ಹೋಸಿಯಾ ಲಿಬ್ಬಿ ಎಂಬಾತ ಪೆಡಲಿನ ಅಚ್ಚಿನಲ್ಲಿ ಜೋಡಿ ಮೋಟಾರನ್ನಿಟ್ಟ ಬೈಸಿಕಲ್ಲಿಗೆ ಪೇಟೆಂಟು ಪಡೆದ. ನೂರಿಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದರೂ ನಾವು ಇನ್ನೂ ಇವರಿಬ್ಬರ ನಡುವೆಯೇ ಆರಿಸಿಕೊಳ್ಳುತ್ತಿದ್ದೇವೆ.

ಹಬ್ ಮೋಟಾರಿನ ಲೆಕ್ಕವನ್ನು ಮೊದಲು ನೋಡೋಣ. 10 ನ್ಯೂಟನ್-ಮೀಟರು ತಿರುಗುಬಲ ಕೊಡುವಾಗ ಸುರುಳಿಯಲ್ಲಿ 20 ವಾಟು ಶಾಖ ಹುಟ್ಟುವ ಮೋಟಾರೊಂದನ್ನು ಕಲ್ಪಿಸಿಕೊಳ್ಳಿ. ಈ ಜಾತಿಯ ಮೋಟಾರುಗಳಿಗೆ ಅದು ನ್ಯಾಯವಾದ ಅಂದಾಜು. ನಾಲೆಯ ದಂಡೆಯ ಮೇಲೆ ಗಂಟೆಗೆ 20 ಕಿಲೋಮೀಟರಿನಂತೆ ಹೋಗಲು ಅಷ್ಟು ತಿರುಗುಬಲವಿದ್ದರೆ ಸವಾರ ಹೆಸರಿಗೆ ಮಾತ್ರ ತುಳಿದರೂ ಸಾಕು. ಆಗ ಮೋಟಾರು ಮಾಡುವ ಕೆಲಸ ಸುಮಾರು 160 ವಾಟ್, ವ್ಯರ್ಥವಾಗುವುದು 20. ಬಹಳ ಒಳ್ಳೆಯ ಯಂತ್ರ! ಅದನ್ನೇ ಬೆಟ್ಟಕ್ಕೆ ಒಯ್ಯಿರಿ. ತಿರುಗುಬಲ 42 ಆಗಬೇಕು, ಅಂದರೆ 4.2 ಪಟ್ಟು. ಶಾಖ ಅದರ ವರ್ಗದಂತೆ ಬೆಳೆದು ಸುಮಾರು 350 ವಾಟಾಗುತ್ತದೆ. ಕೆಲಸವೋ 200 ವಾಟು ಮಾತ್ರ. ಬ್ಯಾಟರಿ 550 ವಾಟು ಕೊಟ್ಟರೆ ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಬೆಟ್ಟ ಹತ್ತುವುದಕ್ಕೆ. ಮಿಕ್ಕದ್ದು ಚಕ್ರದ ಗುಂಭವನ್ನು ಕಾಯಿಸುವುದಕ್ಕೆ. 36 ವೋಲ್ಟು, 10 ಆಂಪೇರ್-ಗಂಟೆಯ ಬ್ಯಾಟರಿಯಲ್ಲಿರುವುದು 360 ವಾಟ್-ಗಂಟೆ. ಅದು 40 ನಿಮಿಷದಲ್ಲಿ ಬರಿದು. 1000 ವಾಟಿನ ಹಬ್ಬನ್ನು ತಂದರೆ ತಂತಿ ದಪ್ಪವಾಗಿರುವುದರಿಂದ ಶಾಖವೇನೋ ಕಡಿಮೆಯಾದೀತು. ಆದರೆ ಚಕ್ರಕ್ಕೆ ಇನ್ನಷ್ಟು ಕಬ್ಬಿಣದ ಭಾರ ಕಟ್ಟಿದಂತಾಗುತ್ತದೆ. ಕಲ್ಲಿನ ಮೇಲೆ ಹಾರಿ ಬೀಳುವಾಗಲೆಲ್ಲ ಆ ಭಾರದ ಪೆಟ್ಟು ರಿಮ್ಮಿಗೂ ಕಡ್ಡಿಗಳಿಗೂ ತಗಲುತ್ತದೆ.

ಪೆಡಲಿನ ಬಳಿಯ ಮೋಟಾರು ಇದೇ ಬೆಟ್ಟವನ್ನು ಬೇರೆ ಉಪಾಯದಿಂದ ಹತ್ತುತ್ತದೆ. ಗಂಟೆಗೆ 6 ಕಿಲೋಮೀಟರಿನ ವೇಗದಲ್ಲಿ ಚಕ್ರ ನಿಮಿಷಕ್ಕೆ 45 ಸುತ್ತು ಮಾತ್ರ ಸುತ್ತುತ್ತದೆ. ಹಬ್ ಮೋಟಾರಾದರೆ ಈ ನಿಧಾನಕ್ಕೆ ಕಟ್ಟುಬಿದ್ದಿತು. ಪೆಡಲಿನ ಮೋಟಾರಾದರೋ ನಮ್ಮ ಬೈಸಿಕಲ್ಲಿನ ಗೇರುಗಳ ಮೂಲಕ ಎಳೆಯುವುದರಿಂದ, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನನ್ನು ಏರಿಸಿದರೆ, ತಾನು ತನ್ನ ಹದವಾದ ವೇಗದಲ್ಲೇ ತಿರುಗುತ್ತಿರಬಹುದು. ತಿರುಗುಬಲವನ್ನು ಹೆಚ್ಚಿಸುವ ಕೆಲಸ ತಾಮ್ರದ ತಂತಿಯ ಪಾಲಿನಿಂದ ಉಕ್ಕಿನ ಹಲ್ಲುಗಳ ಪಾಲಿಗೆ ಹೋಯಿತು; ಹಲ್ಲಿಗೆ ಸವೆತವುಂಟೇ ಹೊರತು ಸುಡುವ ಭಯವಿಲ್ಲ. ದಕ್ಷತೆ ನೂರಕ್ಕೆ 80ರಷ್ಟು ದೊರೆತರೆ ಅದೇ 200 ವಾಟಿನ ಕೆಲಸಕ್ಕೆ ಬ್ಯಾಟರಿ ಕೊಡಬೇಕಾದುದು 250. ಹಬ್ಬಿಗೆ 40 ನಿಮಿಷ ಬಂದ ಬ್ಯಾಟರಿ ಇದಕ್ಕೆ 85 ನಿಮಿಷ ಬಂದೀತು.

ಇಷ್ಟು ಕೇಳಿದೊಡನೆಯೇ ಮಿಡ್ ಡ್ರೈವ್ ಕಿಟ್ಟನ್ನು ಕೊಳ್ಳಲು ಓಡುವವರು ಸ್ವಲ್ಪ ತಾಳಬೇಕು. ಇಲ್ಲೊಂದು ತೊಡಕುಂಟು, ಮಾರುವವರು ಅದನ್ನು ಹೇಳುವುದು ಅಪರೂಪ. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಇಪ್ಪತ್ತೊಂದು ಗೇರಿನ ಸೈಕಲ್ಲುಗಳಲ್ಲಿ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು ಇರುತ್ತವೆ. ಮುಂದಿನ ಅತಿ ಚಿಕ್ಕದಕ್ಕೆ 24 ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ 28 ಹಲ್ಲು ಎಂದುಕೊಳ್ಳಿ. ಚಕ್ರ 45 ಸುತ್ತು ಸುತ್ತುವಾಗ ಪೆಡಲು 53 ಸುತ್ತು ಸುತ್ತುತ್ತದೆ. ಕಾಲಿಗೆ ಹಿತವಾದ ವೇಗ. ಕಿಟ್ಟನ್ನು ಜೋಡಿಸುವಾಗ ಮುಂದಿನ ಮೂರನ್ನೂ ಕಿತ್ತು ಅದರ ಸ್ಥಾನದಲ್ಲಿ ಒಂದೇ ಒಂದು ಚಕ್ರವನ್ನು ಹಾಕುತ್ತಾರೆ, ಅದಕ್ಕೆ ಅನೇಕ ವೇಳೆ 44 ಹಲ್ಲು! ಈಗ ಪೆಡಲು ಸುತ್ತುವುದು ನಿಮಿಷಕ್ಕೆ 29 ಸುತ್ತು ಮಾತ್ರ. ನಿಮಿಷಕ್ಕೆ 60ರಿಂದ 100 ಸುತ್ತಿನ ನಡುವೆ ಚೆನ್ನಾಗಿ ಕೆಲಸ ಮಾಡುವಂತೆ ರಚಿಸಿದ ಮೋಟಾರು 29ರಲ್ಲಿ ತೆವಳತೊಡಗಿದರೆ, ಅದೂ ಹಬ್ ಮೋಟಾರಿನ ಗತಿಯನ್ನೇ ಕಾಣುತ್ತದೆ. ಹೆಚ್ಚು ಹಣ ಕೊಟ್ಟು, ಇದ್ದ ಒಳ್ಳೆಯ ಗೇರನ್ನೂ ಕಳೆದುಕೊಂಡಂತಾಯಿತು. ಮುಂದೆ 32 ಹಲ್ಲಿನ ಚಕ್ರವನ್ನು ಕೇಳಿ ಹಾಕಿಸಿ, ಹಿಂದೆ 34 ಹಲ್ಲಿನವರೆಗೆ ಇರುವ ಫ್ರೀವೀಲನ್ನು ತೊಡಿಸಿದರೆ ಪೆಡಲು 48ಕ್ಕೆ ಬರುತ್ತದೆ. 42 ಹಲ್ಲಿನದು ನಿಮ್ಮ ಸೈಕಲ್ಲಿಗೆ ಹೊಂದುವುದಾದರೆ 59ಕ್ಕೆ. ಆದುದರಿಂದ ಕಿಟ್ಟಿನ ಬೆಲೆಯನ್ನು ವಿಚಾರಿಸುವಾಗಲೇ ಈ ಎರಡು ಹಲ್ಲುಚಕ್ರಗಳ ಬೆಲೆಯನ್ನೂ ಸೇರಿಸಿ ವಿಚಾರಿಸಬೇಕು. ಅವಿಲ್ಲದ ಮಿಡ್ ಡ್ರೈವ್ ಕಿಟ್ಟು ಬೆಟ್ಟದ ಮಟ್ಟಿಗೆ ಅರ್ಧ ಕಿಟ್ಟು.

ಇನ್ನೊಂದು ಅಳತೆ ಪೆಡಲಿನ ಅಚ್ಚು ಕೂರುವ ಕೊಳವೆಯದು. ಚೀನದ ಬಫಾಂಗ್, ಟಾಂಗ್‌ಶೆಂಗ್ ಮುಂತಾದ ತಯಾರಕರ ಸಾಮಾನ್ಯ ಮಾದರಿಗಳು 68ರಿಂದ 73 ಮಿಲಿಮೀಟರ್ ಅಗಲದ, ಒಳಗೆ ಮರೆ ಕೊರೆದ ಕೊಳವೆಗೆ ಹೊಂದುವಂತೆ ಮಾಡಿದವು. ಹಣ ಕಟ್ಟುವ ಮೊದಲು ಸೈಕಲ್ ರಿಪೇರಿಯವರ ಬಳಿ ಅಳೆಸಿ ನೋಡುವುದು ಲೇಸು. ಟಾಂಗ್‌ಶೆಂಗ್‌ನದರಲ್ಲಿ ಸವಾರ ಎಷ್ಟು ಬಲವಾಗಿ ತುಳಿಯುತ್ತಾನೆಂಬುದನ್ನು ಅಳೆದು ಅದಕ್ಕೆ ತಕ್ಕಷ್ಟೇ ನೆರವು ಕೊಡುವ ಸಂವೇದಕವಿದೆ. ಅಗ್ಗದ ಕಿಟ್ಟುಗಳಲ್ಲಿ ಪೆಡಲು ಸುತ್ತುತ್ತಿದೆಯೇ ಇಲ್ಲವೇ ಎಂಬುದನ್ನು ಮಾತ್ರ ತಿಳಿಯುವ ಕಾಂತದ ಬಿಲ್ಲೆ ಇರುತ್ತದೆ. ಡಾಂಬರು ರಸ್ತೆಯಲ್ಲಿ ಎರಡನೆಯದೇ ಸಾಕು. ಜಲ್ಲಿಕಲ್ಲಿನ ಏರಿನಲ್ಲಿ, ಕಾಲನ್ನು ಮೆಲ್ಲಗೆ ಆಡಿಸಿದೊಡನೆ ಮೋಟಾರು ಪೂರ್ಣ ಬಲದಿಂದ ಎಳೆದು ಚಕ್ರ ಜಾರಿದರೆ, ಬೀಳುವವನು ಸವಾರ. ಬೆಟ್ಟಕ್ಕೆ ಮೊದಲನೆಯದೇ ಮೇಲು.

ಚಕ್ರ ಜಾರುವ ಮಾತು ಬಂದುದರಿಂದ ಮುಂದಿನ ಚಕ್ರಕ್ಕೆ ಹಾಕುವ ಹಬ್ ಕಿಟ್ಟಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭವಾಗಿ ಜೋಡಿಸಬಹುದಾದುದು ಇದೇ. ಆದುದರಿಂದಲೇ ಎಚ್ಚರಿಸಬೇಕಾಗಿದೆ. ಸಮನೆಲದ ಮೇಲೆ ಒಟ್ಟು ತೂಕದ ನೂರಕ್ಕೆ 40 ಪಾಲು ಮುಂದಿನ ಚಕ್ರದ ಮೇಲಿದ್ದರೆ, ಐದಕ್ಕೆ ಒಂದರ ಏರಿನಲ್ಲಿ ತೂಕ ಹಿಂದಕ್ಕೆ ವಾಲಿ ಅಲ್ಲಿ ಉಳಿಯುವುದು ಸುಮಾರು 20 ಪಾಲು, ಎಂದರೆ 176 ನ್ಯೂಟನ್. ಸಡಿಲ ಮಣ್ಣಿನಲ್ಲಿ ಘರ್ಷಣೆಯ ಗುಣಾಂಕ 0.4 ಎಂದರೆ ಆ ಚಕ್ರ ಜಾರದೆ ಎಳೆಯಬಹುದಾದ ಬಲ 70 ನ್ಯೂಟನ್ ಮಾತ್ರ. ನಮಗೆ ಬೇಕಾದುದೋ 120. ಎಷ್ಟು ವಾಟಿನ ಮೋಟಾರಾದರೂ ಅಲ್ಲಿ ಚಕ್ರ ಸುಮ್ಮನೆ ಗಿರಕಿ ಹೊಡೆಯುತ್ತದೆ. ಅದಕ್ಕಿಂತ ಘೋರವಾದುದು ಇನ್ನೊಂದು. ಮೋಟಾರು ಚಕ್ರವನ್ನು ಎಷ್ಟು ಬಲವಾಗಿ ಮುಂದಕ್ಕೆ ತಿರುಚುತ್ತದೆಯೋ ಅಷ್ಟೇ ಬಲವಾಗಿ ತನ್ನ ಅಚ್ಚನ್ನು ಹಿಂದಕ್ಕೆ ತಿರುಚುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಅಚ್ಚನ್ನು ಹಿಡಿದಿರುವುದು ಫೋರ್ಕಿನ ತುದಿಯ ಎರಡು ಸೀಳುಗಳು. ಸ್ಪ್ರಿಂಗುಳ್ಳ ಫೋರ್ಕುಗಳಲ್ಲಿ ಈ ತುದಿ ಉಕ್ಕಿನದಲ್ಲ, ಎರಕದ ಹಗುರ ಲೋಹದ್ದು; ಅದು ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಬಿರಿಯುತ್ತದೆ. ಇಳಿಜಾರಿನಲ್ಲಿ ಮುಂದಿನ ಚಕ್ರ ಕಳಚಿದರೆ ಏನಾಗುವುದೆಂದು ಬರೆಯಬೇಕಾಗಿಲ್ಲ. ಬೆಟ್ಟದ ಹಾದಿಗೆ ಮುಂದಿನ ಹಬ್ ಕಿಟ್ಟನ್ನು ಯಾರು ಎಷ್ಟು ಅಗ್ಗವಾಗಿ ಕೊಟ್ಟರೂ ಬೇಡವೆನ್ನಿ. ಹಿಂದಿನ ಹಬ್ಬಿಗೂ ಅಚ್ಚು ತಿರುಗದಂತೆ ಫ್ರೇಮಿಗೆ ಬಿಗಿಯುವ ಉಕ್ಕಿನ ಪಟ್ಟಿ ಅವಶ್ಯಕ.

ಕೆಲವು ಹಬ್ ಮೋಟಾರುಗಳು ಇಳಿಯುವಾಗ ಡೈನಮೊ ಆಗಿ ಬ್ಯಾಟರಿಯನ್ನು ತುಂಬುತ್ತವೆಂದು ಹೊಗಳುವುದುಂಟು. ಮೈಸೂರಿನ ಚಾಮುಂಡಿ ಬೆಟ್ಟ ಊರಿನ ಮಟ್ಟದಿಂದ ಸುಮಾರು 300 ಮೀಟರು ಎತ್ತರ. ನಮ್ಮ 90 ಕಿಲೋಗ್ರಾಮಿನ ಭಾರ ಅಲ್ಲಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ 73 ವಾಟ್-ಗಂಟೆ. ಟೈರಿನ ತಡೆ, ಗಾಳಿಯ ತಡೆ, ಮೋಟಾರಿನ ನಷ್ಟ ಇವೆಲ್ಲವನ್ನೂ ಕಳೆದು ಅರ್ಧ ದೊರೆತರೂ ಬ್ಯಾಟರಿಯ ಹತ್ತನೆಯ ಒಂದು ಪಾಲು. ಚಾಮುಂಡಿಯನ್ನು ಹತ್ತಿ ಇಳಿದವನಿಗೇ ಇಷ್ಟು. ಈ ಗುಣಕ್ಕಾಗಿ ಕಿಟ್ಟನ್ನು ಆರಿಸುವುದು ತರವಲ್ಲ.

ಬ್ಯಾಟರಿ ಲಿಥಿಯಮ್-ಅಯಾನಿನದೇ ಆಗಿರಲಿ. 360 ವಾಟ್-ಗಂಟೆಗೆ ಸೀಸದ ಬ್ಯಾಟರಿ ಹತ್ತು ಕಿಲೋಗ್ರಾಮಿನಷ್ಟು ತೂಗುತ್ತದೆ, ಇದು ಎರಡೂವರೆ. ಆದರೆ ಕಲ್ಲುಹಾದಿಯ ಅದುರು ಇದರ ಶತ್ರು. ಹತ್ತು ಹತ್ತು ಕೋಶಗಳನ್ನು ಸಾಲಾಗಿ ಜೋಡಿಸಿರುವ ನಿಕ್ಕಲ್ ಪಟ್ಟಿಗಳ ಬೆಸುಗೆ ಬಿಟ್ಟರೆ ಕಿಡಿ ಹಾರಿ ಬೆಂಕಿ ಹೊತ್ತಬಹುದು. ಗಟ್ಟಿಯಾದ ಪೆಟ್ಟಿಗೆಯಲ್ಲಿ ಫ್ರೇಮಿನ ನಡುವೆ ಬಿಗಿಯಾಗಿ ಕೂರುವಂತಹುದನ್ನೇ ಆರಿಸಿ. ಹಿಂದಿನ ಕ್ಯಾರಿಯರಿನ ಮೇಲೆ ಚೀಲದಲ್ಲಿಟ್ಟು ಕಟ್ಟುವಂತಹುದು ಬೆಟ್ಟಕ್ಕೆ ಸಲ್ಲದು. ರಾತ್ರಿಯೆಲ್ಲ, ಮಲಗಿರುವವರ ಪಕ್ಕದಲ್ಲಿ, ಚಾರ್ಜಿಗೆ ಹಾಕಿಡಲೂ ಬಾರದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ತುಳಿಯುವವನಿಗೆ ನೆರವಾಗುವ ಮೋಟಾರಿನ 'ಮೂವತ್ತು ನಿಮಿಷದ ಸಾಮರ್ಥ್ಯ' 0.25 ಕಿಲೋವಾಟಿಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರು ವೇಗ ಬರುವಷ್ಟರಲ್ಲಿ, ಅಥವಾ ತುಳಿಯುವುದನ್ನು ನಿಲ್ಲಿಸಿದರೆ ಅದಕ್ಕೂ ಮೊದಲೇ, ಅದರ ನೆರವು ನಿಂತುಹೋಗುವಂತಿದ್ದರೆ, ಸರಿಯಾದ ಬ್ರೇಕುಗಳೂ ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕಗಳೂ ಇದ್ದರೆ, ಆ ಬೈಸಿಕಲ್ಲು ಮೋಟಾರು ವಾಹನವೆನಿಸುವುದಿಲ್ಲ. ಮೂವತ್ತು ನಿಮಿಷವೆಂಬ ಮಾತನ್ನು ಗಮನಿಸಿದಿರಾ? ಮೋಟಾರು ಮಿತಿಮೀರಿ ಕಾಯದೆ ಅರ್ಧ ಗಂಟೆ ಒಂದೇ ಸಮನೆ ಕೊಡಬಲ್ಲ ಸಾಮರ್ಥ್ಯವೆಂದು ಅದರ ಅರ್ಥ. ಕಾನೂನು ಕೂಡ ಮೋಟಾರನ್ನು ಶಾಖದಿಂದಲೇ ಅಳೆಯುತ್ತದೆ. 500, 1000 ವಾಟಿನ ಕಿಟ್ಟುಗಳು ಈ ವಿನಾಯಿತಿಯ ಹೊರಗಿನವು. ನಾಗರಹೊಳೆಯ ಕಾಡಿನೊಳಕ್ಕಂತೂ ಯಾವ ಸೈಕಲ್ಲನ್ನೂ ಒಯ್ಯತಕ್ಕದ್ದಲ್ಲ. ಕಾಡಿನ ಅಂಚಿನ ದಾರಿಗಳಲ್ಲಿ ಮೋಟಾರಿನ ನೆರವಿನಿಂದ ಸದ್ದಿಲ್ಲದೆ ಬೇಗ ಬರುವ ಸವಾರ ಆನೆಗೆ ಗೊತ್ತಾಗುವ ಹೊತ್ತಿಗೆ ತೀರ ಹತ್ತಿರ ಬಂದಿರುತ್ತಾನೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಿಮ್ಮ ದಾರಿಯನ್ನು ಅಳೆದು ನೋಡಿ. ಒಂದು ಮೀಟರು ಉದ್ದದ ನೇರವಾದ ಪಟ್ಟಿಯನ್ನೂ ಗಾರೆ ಕೆಲಸದವರ ರಸಮಟ್ಟವನ್ನೂ ತೆಗೆದುಕೊಂಡು ಅತ್ಯಂತ ಕಡಿದಾದ ಜಾಗಕ್ಕೆ ಹೋಗಿ. ಪಟ್ಟಿಯ ಒಂದು ತುದಿ ಮೇಲ್ಗಡೆ ನೆಲಕ್ಕೆ ತಾಗಿರಲಿ. ರಸಮಟ್ಟದ ಗುಳ್ಳೆ ನಡುವೆ ನಿಲ್ಲುವಂತೆ ಇನ್ನೊಂದು ತುದಿಯನ್ನು ಎತ್ತಿ ಹಿಡಿದು, ಅದರಿಂದ ನೆಲಕ್ಕೆ ಎಷ್ಟು ಸೆಂಟಿಮೀಟರೆಂದು ಅಳೆಯಿರಿ. ಹತ್ತಾದರೆ ಹತ್ತಕ್ಕೆ ಒಂದರ ಏರು, ಇಪ್ಪತ್ತಾದರೆ ಐದಕ್ಕೆ ಒಂದರದು. ಕಟ್ಟೆಮಳಲವಾಡಿಯ ಸುತ್ತಿನ ನಾಲೆದಂಡೆ, ಕೆರೆ ಏರಿ, ಹೊಲದ ಬಂಡಿದಾರಿ ಇವುಗಳಲ್ಲಿ ಹತ್ತನ್ನು ಮೀರುವ ಜಾಗ ಅಪರೂಪ. ನಿಮ್ಮ ಓಡಾಟ ಅಲ್ಲಿಗೇ ಮುಗಿಯುವುದಾದರೆ 250 ವಾಟಿನ, ಒಳಗೆ ಹಲ್ಲುಚಕ್ರಗಳಿರುವ ಹಿಂದಿನ ಹಬ್ ಮೋಟಾರನ್ನೇ ಕೊಳ್ಳಿ. ಅಗ್ಗವೂ ಹೌದು, ಚೈನು ಸವೆಯುವುದೂ ಕಡಿಮೆ. ಹನ್ನೆರಡು ಹದಿಮೂರು ಸೆಂಟಿಮೀಟರನ್ನು ಮೀರುವ ಏರುಗಳು ನೂರಾರು ಮೀಟರು ಮುಂದುವರಿಯುವ ಬೆಟ್ಟದ ಹಾದಿಯಾದರೆ, ಚಿಕ್ಕ ಹಲ್ಲುಚಕ್ರದೊಡನೆ 250 ವಾಟಿನ ಮಿಡ್ ಡ್ರೈವನ್ನು ಕೊಂಡು, ಗೇರು ಬದಲಿಸುವ ಕ್ಷಣದಲ್ಲಿ ಕಾಲನ್ನು ಸಡಿಲಿಸುವ ಅಭ್ಯಾಸ ಮಾಡಿಕೊಳ್ಳಿ. ಇಲ್ಲವಾದರೆ ಮೋಟಾರಿನ ಎಳೆತಕ್ಕೆ ಚೈನು ತುಂಡಾಗುತ್ತದೆ.

ಜೋಡಿಸಿದ ಮೇಲೆ ಪರೀಕ್ಷೆ ಬಹಳ ಸುಲಭ. ನಿಮ್ಮ ಏರನ್ನು ಹತ್ತು ನಿಮಿಷ ಹತ್ತಿ, ನಿಲ್ಲಿಸಿ, ಮೋಟಾರಿನ ಹೊರಮೈಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಬಿಸಿ ತಡೆಯುವಂತಿದ್ದರೆ ಅಂಗೈಯನ್ನು ಇಟ್ಟು ನೋಡಿ. ಐದು ಎಣಿಸುವವರೆಗೆ ಇಡಬಹುದಾದರೆ ಭಯವಿಲ್ಲ. ಇಡಲಾಗದಿದ್ದರೆ ಹೊರಮೈಯೇ ಸುಮಾರು 60 ಡಿಗ್ರಿಯನ್ನು ದಾಟಿದೆ. ಒಳಗಿನ ಸುರುಳಿ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಆಗ ಇನ್ನೂ ಚಿಕ್ಕ ಗೇರನ್ನು ಹಾಕಿ, ಅದೂ ಇಲ್ಲವಾದರೆ ಇಳಿದು ತಳ್ಳಿ.